ನಾಲ್ಕು ಸಾಲು ಬರೆದುಕೊಡದೆ ಹೋದೆ

ತಂಗಿ, ಅಕ್ಕ ಅಂತ ಕರೆದು ಮೂರು ವಿಷಯ ಕೇಳಿದ್ದೀಯ. ಜಾಕೆಟ್ ಊರಿಂದ ತರಬೇಕಾ, ಕೆನಡಾದ ಈ ಬ್ರಾಂಪ್ಟನ್‌ನಲ್ಲಿ ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ ಕೊಡಲಾ, ಸೂಪರ್‌ವೈಸರ್ ನಿನ್ನ ಬಣ್ಣ, ಮಾತು ಎರಡನ್ನೂ ಆಡಿಕೊಳ್ಳುತ್ತಾನೆ, ದೂರು ಕೊಟ್ಟರೆ ಕೆಲಸ ಹೋಗುತ್ತಾ.

ಜಾಕೆಟ್ ಇಲ್ಲೇ ತಗೋ. ಮುಂಗಡ ಅಂದರೆ ಬೆಂಗಳೂರಲ್ಲಿ ಹತ್ತು ತಿಂಗಳದ್ದು ಕೊಟ್ಟು ನಮಗೆ ಅಭ್ಯಾಸ. ಆದರೆ ನಾವಿರುವ ಒಂಟಾರಿಯೋ ಪ್ರಾಂತ್ಯದಲ್ಲಿ ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್ ಅಂತ ಕೊನೇ ತಿಂಗಳದ್ದು, ಅಷ್ಟೇ ಕೇಳಬಹುದು.

ಮೂರನೆಯದಕ್ಕೆ ನನ್ನ ಕಥೆಯನ್ನೇ ಹೇಳಬೇಕು. 2011ರಲ್ಲಿ ಬಂದಾಗ ಮಿಸಿಸಾಗಾದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಪಕ್ಕದಲ್ಲಿ ಸೊಮಾಲಿಯಾದ ಹೆಂಗಸು. ಮೊದಲ ದಿನ ತನ್ನ ಫ್ಲಾಸ್ಕಿನ ಏಲಕ್ಕಿ ಚಹಾದಲ್ಲಿ ಅರ್ಧ ನನಗೆ ಕೊಟ್ಟಳು. ಸೂಪರ್‌ವೈಸರ್ ದಿನಾ ಅವಳ ತಲೆವಸ್ತ್ರದ ಬಗ್ಗೆ ಹೊಲಸು ಮಾತಾಡುತ್ತಿದ್ದ. ಒಂದು ದಿನ ಅವಳು ಕಾಗದ ಹಿಡಿದು ಬಂದಳು. "ನೀನು ಕೇಳಿಸಿಕೊಂಡಿದ್ದನ್ನು ನಾಲ್ಕು ಸಾಲು ಬರೆದುಕೊಡು" ಅಂದಳು. ನನಗೆ ಊರ ಉಸಾಬರಿ ಯಾಕೆ ಅನಿಸಿತು. ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿ, ಇನ್ನೂ ಬಂದಿಲ್ಲ ಅಂದುಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಕಾಗದ ಮಡಚಿ ಡಬ್ಬಿಯ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೆಲಸ ಬಿಟ್ಟಳು.

ಮುಂದೆ ಅವನು ನನ್ನ ಕಡೆ ತಿರುಗಿದ. ಆಗ ಪಕ್ಕದಲ್ಲಿ ಬರೆದುಕೊಡುವವರು ಯಾರೂ ಇರಲಿಲ್ಲ. ನಾನು ಸಮುದಾಯದ ಕಾನೂನು ನೆರವು ಕೇಂದ್ರದ ಮೆಟ್ಟಿಲು ಹತ್ತುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು. ಇಂಥ ದೂರು ಕೇಳುವ ಮಾನವ ಹಕ್ಕುಗಳ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಂಗಿ. ಇದನ್ನು ಮರೀಬೇಡ.

ಇಲ್ಲಿನ ಮಾನವ ಹಕ್ಕುಗಳ ಕಾಯ್ದೆ 1962ರಿಂದ ಇದೆ. ಬಣ್ಣ, ಜನಾಂಗ, ಹುಟ್ಟಿದ ಜಾಗ ನೋಡಿ ಭೇದ ಮಾಡುವಂತಿಲ್ಲ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವುದೂ ತಪ್ಪೇ. ಹಾಗಂತ ಯಾರೂ ಕಷ್ಟ ಕೊಡುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಅದಕ್ಕೇ ಒಬ್ಬಳೇ ಹೋಗಬೇಡ. ಹ್ಯೂಮನ್ ರೈಟ್ಸ್ ಲೀಗಲ್ ಸಪೋರ್ಟ್ ಸೆಂಟರ್‌ನವರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಟೊರೊಂಟೊದಲ್ಲಿ ನಮ್ಮ ಕಡೆಯ ಬಡವರಿಗಾಗಿಯೇ ಸೌತ್ ಏಷ್ಯನ್ ಲೀಗಲ್ ಕ್ಲಿನಿಕ್ ಇದೆ. ಯಾರನ್ನು ಕೇಳಬೇಕೋ ಗೊತ್ತಾಗದಿದ್ದರೆ 211 ಸಹಾಯವಾಣಿಗೆ ಫೋನ್ ಮಾಡು, ಹಗಲು ರಾತ್ರಿ ಎತ್ತುತ್ತಾರೆ.

ಅವನು ಏನಂದ, ಯಾವತ್ತು, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಯಾರಿದ್ದರು, ಎಲ್ಲಾ ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡು. ಭಾನುವಾರ ಆ ಪುಸ್ತಕ ತಗೊಂಡು ನಮ್ಮನೆಗೆ ಬಾ. ಸಾರು ಅನ್ನ ಮಾಡಿರುತ್ತೇನೆ. ಊಟ ಮಾಡಿ, ಸ್ಪೀಕರ್ ಹಾಕಿ, ಇಬ್ಬರೂ ಕೂತು 211ಕ್ಕೆ ಮಾತಾಡೋಣ.