ಪ್ಲಗ್ ಮೇಲಿನ ಐಎಸ್‌ಐ ಗುರುತು ಕಾಯಿಲ್‌ಗೂ ಅನ್ವಯಿಸುತ್ತದೆಯೇ?

ಪ್ರಶ್ನೆ: ಜಾತ್ರೆಯಲ್ಲಿ 1500 ವಾಟ್‌ನ ನೀರು ಕಾಯಿಸುವ ಕಾಯಿಲ್ ಕೊಂಡೆವು. ಪ್ಲಗ್ ಮೇಲೆ ಐಎಸ್‌ಐ ಗುರುತಿದೆ. ಆದರೂ ಬಕೆಟ್‌ನ ನೀರು ಮುಟ್ಟಿದರೆ ಜುಮ್ಮೆನ್ನುತ್ತದೆ, ಪ್ಲಗ್ ಬಿಸಿಯಾಗುತ್ತದೆ. ಇದು ಅಸಲಿಯೇ?
– ಓದುಗರು, ಅರಸೀಕೆರೆ

ಉತ್ತರ: ಇವತ್ತೇ ಅದರ ಬಳಕೆ ನಿಲ್ಲಿಸಿ. ಪ್ಲಗ್ ಮೇಲಿನ ಗುರುತು ಪ್ಲಗ್‌ಗೆ ಮಾತ್ರ ಸೇರಿದ್ದು. ಪ್ಲಗ್‌ನ ಮಾನಕ ಐಎಸ್ 1293, ಪಿವಿಸಿ ವೈರ್‌ನದು ಐಎಸ್ 694, ಕಾಯಿಲ್‌ನದು ಐಎಸ್ 302ರ ಭಾಗ 2, ವಿಭಾಗ 201. ಒಳ್ಳೆಯ ಪ್ಲಗ್, ಒಳ್ಳೆಯ ವೈರ್ ಹಾಕಿ ಕಳಪೆ ಕಾಯಿಲ್ ಮಾರುವುದು ತೀರಾ ಸಾಮಾನ್ಯ, ಬಹಳ ಜನ ಮೋಸ ಹೋಗುವುದು ಇಲ್ಲೇ.

ಕಾಯಿಲ್‌ನ ಹಿಡಿ ಅಥವಾ ಲೇಬಲ್ ನೋಡಿ. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನ ‘ವೆರಿಫೈ ಲೈಸೆನ್ಸ್ ಡಿಟೇಲ್ಸ್’ನಲ್ಲಿ ಹಾಕಿ. ಲೈಸೆನ್ಸ್ ಇದೆ ಎಂದು ಬಂದರಷ್ಟೇ ಸಾಲದು: ತಯಾರಕರ ಹೆಸರು, ಬ್ರ್ಯಾಂಡ್, ವಸ್ತು ಮೂರೂ ತಾಳೆಯಾಗಬೇಕು, ಅವಧಿ ಮುಗಿದಿರಬಾರದು. ಯಾರದೋ ಫ್ಯಾನಿನ ಸಂಖ್ಯೆಯನ್ನು ಕಾಯಿಲ್ ಮೇಲೆ ಅಚ್ಚು ಹಾಕಿದರೆ ಸಿಕ್ಕಿಬೀಳುವುದು ಈ ಹಂತದಲ್ಲೇ. ತಾಳೆಯಾಗದಿದ್ದರೆ ಅದೇ ಆ್ಯಪ್‌ನಲ್ಲಿ ದೂರು ಕೊಡಬಹುದು. ಬಿಲ್ ಇದ್ದರೆ ದೂರಿಗೆ ಬಲ.

ಜುಮ್ಮೆನ್ನುವುದು ಸಾಮಾನ್ಯವಾಗಿ ಎರಡು ದೋಷ ಒಟ್ಟಿಗೆ ಸೇರಿದಾಗ. ಕಾಯಿಲ್‌ನ ಲೋಹದ ಕೊಳವೆ ಸೂಜಿಮೊನೆಯಷ್ಟು ತೂತಾದರೂ ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿ ಕರೆಂಟ್ ಸೋರುತ್ತದೆ. ಅರ್ತಿಂಗ್ ಸರಿಯಿದ್ದರೆ ಆ ಸೋರಿಕೆ ಬಹುಪಾಲು ನೆಲಕ್ಕೆ ಹೋಗುತ್ತಿತ್ತು. ನಿಮ್ಮ ಕೈಗೆ ತಗುಲಿದೆ ಎಂದರೆ ಸಾಕೆಟ್‌ನ ಅರ್ತ್ ಕೂಡ ಪರೀಕ್ಷೆ ಆಗಬೇಕು. ಅರ್ತ್ ಇಲ್ಲದ ಮನೆಯಲ್ಲಿ ಅಸಲಿ ಐಎಸ್‌ಐ ಕಾಯಿಲ್ ಕೂಡ ಸುರಕ್ಷಿತವಲ್ಲ. ಜೊತೆಗೆ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಎಂಸಿಬಿ (ಮಿತಿಮೀರಿ ಕರೆಂಟ್ ಹರಿದಾಗ ಬೀಳುವ ಸ್ವಿಚ್) ಇದೆಯಲ್ಲ ಎಂದುಕೊಳ್ಳಬೇಡಿ, ಇಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪ್ಲಗ್ ಬಿಸಿಗೆ ಕಾರಣ ಲೆಕ್ಕದಲ್ಲೇ ಇದೆ. 1500 ವಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 6.5 ಆಂಪ್. ಸಣ್ಣ ಪ್ಲಗ್‌ನ ಮಿತಿ 6 ಆಂಪ್. ಹೊಸ ಕಾಯಿಲ್ ಕೊಂಡಾಗ 16 ಆಂಪ್‌ನ ದೊಡ್ಡ ಸಾಕೆಟ್‌ಗೇ ಹಾಕಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗ 2200 ವಾಟ್‌ನ ಕೆಟಲ್ ತಂದಿದ್ದಾನೆ. ‘ಸಿಇ’ ಗುರುತಿದೆ. ಅಡಾಪ್ಟರ್ ಹಾಕಿ ಬಳಸಬಹುದೇ?
– ಓದುಗರು, ಮೈಸೂರು

ಉತ್ತರ: ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಕೆಟಲ್‌ಗೆ ತೊಂದರೆಯಿಲ್ಲ. ತೊಂದರೆ ಇರುವುದು ಅಡಾಪ್ಟರ್‌ನಲ್ಲಿ. ಆ ಪ್ಲಗ್‌ಗೆ ಅರ್ತ್ ಸಿಗುವುದು ಪಕ್ಕದ ಲೋಹದ ಪಟ್ಟಿಗಳಿಂದ. ಅಗ್ಗದ ಅಡಾಪ್ಟರ್‌ಗಳಲ್ಲಿ ಅದಕ್ಕೆ ಸಂಪರ್ಕವೇ ಇರುವುದಿಲ್ಲ, ಲೋಹದ ಮೈಯ ಕೆಟಲ್ ಅರ್ತ್ ಇಲ್ಲದೆ ಓಡುತ್ತದೆ. ಅಡಾಪ್ಟರ್ ಇಲ್ಲದೆ ನೇರವಾಗಿ ತುರುಕುವುದೂ ಬೇಡ: ಅದರ ಪಿನ್ 4.8 ಮಿ.ಮೀ., ನಮ್ಮದು ಸುಮಾರು 5.1 ಮಿ.ಮೀ.; ಸಡಿಲವಾಗಿ ಕೂತು ಕಿಡಿ ಹಾರುತ್ತದೆ.

ಪ್ಲಗ್ ಕತ್ತರಿಸಿ 16 ಆಂಪ್‌ನ ಮೂರು ಪಿನ್ನಿನ ಐಎಸ್‌ಐ ಪ್ಲಗ್ ಹಾಕಿಸಿ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಒಳಗೆ ಅರ್ತ್ ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿಸಿ, ವೈರ್ ಎಳೆದು ಕಿತ್ತುಬಂದರೂ ಅರ್ತ್ ಕೊನೆಗೆ ಬಿಡಬೇಕು.

‘ಸಿಇ’ ಎಂದರೆ ಐರೋಪ್ಯ ಒಕ್ಕೂಟದ ನಿಯಮ ಪಾಲಿಸಿದ್ದೇವೆಂದು ತಯಾರಕರೇ ಮಾಡುವ ಘೋಷಣೆ. ಅಲ್ಲಿನ ಲೋ ವೋಲ್ಟೇಜ್ ನಿರ್ದೇಶನ (2014/35) ಎಸಿಯಲ್ಲಿ 50ರಿಂದ 1000 ವೋಲ್ಟ್‌ನ ಉಪಕರಣಗಳಿಗೆ ಅನ್ವಯ. ಗೃಹಬಳಕೆಯ ಪ್ಲಗ್, ಸಾಕೆಟ್‌ಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ‘ಜಿಎಸ್’ ಗುರುತೂ ಇದ್ದರೆ ಹೊರಗಿನ ಪರೀಕ್ಷಾ ಸಂಸ್ಥೆ ನೋಡಿದೆ ಎಂದರ್ಥ, ನಾವು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ.

ಪ್ರಶ್ನೆ: ಮೊಬೈಲ್ ಚಾರ್ಜರ್‌ಗೆ ಐಎಸ್‌ಐ ಗುರುತೇ ಇಲ್ಲ, ಎರಡೇ ಪಿನ್. ನಕಲಿಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಷ್ಟರಿಂದಲೇ ನಕಲಿ ಎನ್ನಲಾಗದು. ಚಾರ್ಜರ್‌ಗಳಿಗೆ ಕಡ್ಡಾಯ ನೋಂದಣಿ ಎಂಬ ಬೇರೆ ಪದ್ಧತಿಯಿದೆ. ‘ಆರ್-’ ಎಂದು ಶುರುವಾಗುವ ಸಂಖ್ಯೆ ಹುಡುಕಿ, ಅದನ್ನೂ ಅದೇ ಆ್ಯಪ್‌ನಲ್ಲಿ ತಾಳೆ ನೋಡಿ. ಚೌಕದೊಳಗೊಂದು ಚೌಕದ ಚಿಹ್ನೆ ಇದ್ದರೆ ಅದು ಎರಡು ಪದರ ಇನ್ಸುಲೇಷನ್‌ನ ಉಪಕರಣ, ಅದಕ್ಕೆ ಅರ್ತ್ ಪಿನ್ ಬೇಕಿಲ್ಲ.