ಟರ್ಬೊ ಎಂಜಿನ್‌ಗೆ ಗ್ಯಾಪ್‌ಲೆಸ್ ಪಿಸ್ಟನ್ ರಿಂಗ್ ಹಾಕಿಸಬಹುದೇ?

ಹಾಕಿಸಬಹುದು, ಆದರೆ ಪಿಸ್ಟನ್ ಸುತ್ತ ಕೂತು ಅನಿಲ ಸೋರದಂತೆ ತಡೆಯುವ ರಿಂಗ್‌ಗಳಲ್ಲಿ ಮೇಲಿನದಕ್ಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಹೆಸರು ಏನೇ ಹೇಳಲಿ, ಇದರಲ್ಲಿಯೂ ಸಂದು, ಅಂದರೆ ರಿಂಗ್‌ನ ಎರಡು ತುದಿಗಳ ನಡುವಿನ ಅಂತರ, ಇದ್ದೇ ಇರುತ್ತದೆ. ಮುಖ್ಯ ರಿಂಗ್‌ಗೆ ತೆಳುವಾದ ಇನ್ನೊಂದು ಪಟ್ಟಿಯನ್ನು ಜೋಡಿಸಿ, ಎರಡರ ಸಂದುಗಳನ್ನೂ ಎದುರುಬದುರಾಗಿ ಇಡುವುದರಿಂದ ಅನಿಲಕ್ಕೆ ನೇರ ದಾರಿ ತಪ್ಪುತ್ತದೆ, ಅಷ್ಟೆ.

100 ಮಿ.ಮೀ. ಬೋರ್‌ನ (ಸಿಲಿಂಡರ್‌ನ ಒಳವ್ಯಾಸ) ಸಾಮಾನ್ಯ ಎಂಜಿನ್‌ನಲ್ಲಿ ಮೇಲಿನ ರಿಂಗ್‌ಗೆ ಸುಮಾರು 0.4 ಮಿ.ಮೀ. ಸಂದು ಬಿಡುತ್ತಾರೆ. ಟರ್ಬೊ ಇದ್ದರೆ ಶಾಖ ಹೆಚ್ಚಿ ರಿಂಗ್ ಇನ್ನಷ್ಟು ಹಿಗ್ಗುವುದರಿಂದ ಸಂದನ್ನು 0.6 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಇಡಬೇಕಾಗುತ್ತದೆ. ಇಲ್ಲವಾದರೆ ತುದಿಗಳು ಪರಸ್ಪರ ಒತ್ತಿ ಸಿಲಿಂಡರ್ ಗೀರಿಹೋಗುತ್ತದೆ, ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್ ಕೂರುವ ತೋಡುಗಳ ನಡುವಿನ ಭಾಗ) ಮುರಿಯಲೂಬಹುದು. ಹೀಗೆ ಅನಿವಾರ್ಯವಾಗಿ ಅಗಲವಾದ ಸಂದಿನ ಸೋರಿಕೆಯನ್ನು ತಡೆಯುವಲ್ಲಿಯೇ ಗ್ಯಾಪ್‌ಲೆಸ್ ರಿಂಗ್‌ನ ನಿಜವಾದ ಉಪಯೋಗವಿದೆ.

ಎರಡನೇ ರಿಂಗ್‌ನ ಲೆಕ್ಕವೇ ಬೇರೆ. ಮೇಲಿನದನ್ನು ದಾಟಿ ಬಂದ ಅನಿಲ ಹೊರಹೋಗದೆ ಎರಡು ರಿಂಗ್‌ಗಳ ನಡುವೆ ಸಿಕ್ಕಿಕೊಂಡರೆ, ಹೆಚ್ಚಿನ ಆರ್‌ಪಿಎಂನಲ್ಲಿ ಮೇಲಿನ ರಿಂಗ್ ತನ್ನ ತೋಡಿನಲ್ಲಿ ಅದುರತೊಡಗಿ ಸೀಲ್ ತಪ್ಪುತ್ತದೆ. ಆದ್ದರಿಂದಲೇ ಈಗ ಅನೇಕ ತಯಾರಕರು ಎರಡನೆಯದಕ್ಕೆ ತುಸು ಹೆಚ್ಚು ಸಂದು ಸೂಚಿಸುತ್ತಾರೆ.

ತಣ್ಣಗಿನ ಎಂಜಿನ್‌ನ ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಪರೀಕ್ಷೆ) ಅಂಕಿಗೆ ಮರುಳಾಗಬೇಡಿ: ಬಿಸಿಯಾದಾಗ ಸಾಮಾನ್ಯ ರಿಂಗ್‌ನ ಸಂದೂ ಬಹುಪಾಲು ಮುಚ್ಚಿಕೊಳ್ಳುತ್ತದೆ. ಹಣ ಮಿತಿಯಲ್ಲಿದ್ದರೆ ಮೊದಲು ಟಾರ್ಕ್ ಪ್ಲೇಟ್ (ಸಿಲಿಂಡರ್ ಹೆಡ್ ಬಿಗಿದಾಗಿನ ಒತ್ತಡವನ್ನೇ ಕೊಡುವ ದಪ್ಪ ತಟ್ಟೆ) ಬಿಗಿದು ಬೋರ್ ಹೋನಿಂಗ್ (ಒಳಗೋಡೆಯನ್ನು ಉಜ್ಜಿ ದುಂಡಗೆ ಮಾಡುವುದು) ಮಾಡಿಸಿ. ದುಂಡಗಿಲ್ಲದ ಸಿಲಿಂಡರ್‌ನಲ್ಲಿ ಯಾವ ರಿಂಗೂ ಸರಿಯಾಗಿ ಕೂರುವುದಿಲ್ಲ.