ದೊಡ್ಡ ಬ್ಲೇಡ್ ಬೇಡ, ಮೊದಲು ಚಿಕ್ಕದು ನೋಡಿ

ನಿಮ್ಮ ತೂಕ 55 ಕೆಜಿ, ಕಯಾಕ್ (ಕಿರಿದಾದ ಸಣ್ಣ ದೋಣಿ) ನಡೆಸುವ ಪ್ಯಾಡಲಿಗೆ, ಅಂದರೆ ಹುಟ್ಟಿಗೆ, 740 ಚದರ ಸೆಂಟಿಮೀಟರ್ ಬ್ಲೇಡ್ (ನೀರಿಗಿಳಿಯುವ ಅಗಲ ಭಾಗ), ಒಂದು ಗಂಟೆಯಾದ ಮೇಲೆ ಭುಜ ನೋವು, ಇನ್ನೂ ಶಕ್ತಿ ಬೆಳೆಸಿಕೊಳ್ಳಬೇಕಾ ಅಂತ ಕೇಳಿದ್ದೀರಿ. ನನಗನಿಸೋದು, ತಪ್ಪು ನಿಮ್ಮ ತೋಳಿನದಲ್ಲ, ಬ್ಲೇಡಿನದು.

ಸೈಕಲ್ ಗೇರ್ ನೆನಪಿಸಿಕೊಳ್ಳಿ. ಏರಿನಲ್ಲಿ ಭಾರದ ಗೇರ್ ಹಾಕಿದರೆ ಮಂಡಿ ಸೋಲುತ್ತದೆ, ಅಲ್ವಾ? ಇಲ್ಲೂ ಹಾಗೇ. ಬ್ಲೇಡ್ ದೊಡ್ಡದಾದಷ್ಟೂ ಪ್ರತಿ ಎಳೆತಕ್ಕೂ ಜಾಸ್ತಿ ಬಲ ಬೇಕು. 600ರಿಂದ 650ರ ಬ್ಲೇಡ್ ಹಿಡಿದು ಸ್ವಲ್ಪ ಬೇಗ ಬೇಗ ಹೊಡೆದರೆ ಹೆಚ್ಚುಕಮ್ಮಿ ಅದೇ ವೇಗ ಸಿಗುತ್ತದೆ, ಕೀಲುಗಳಿಗೆ ಹೊರೆ ಕಡಿಮೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಶುರುವಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಅಂತ ಎಣಿಸಿ. ಮುಕ್ಕಾಲು ಗಂಟೆಯ ಮೇಲೆ ಮತ್ತೆ ಎಣಿಸಿ. ಗಾಳಿ, ನೀರು ಮೊದಲಿನಂತೆಯೇ ಇದ್ದೂ ಲೆಕ್ಕ ತುಂಬಾ ಇಳಿದಿದ್ದರೆ ಬ್ಲೇಡ್ ನಿಮಗೆ ಭಾರ. ಬ್ಲೇಡ್ ನೀರಿಗಿಳಿದ ಕ್ಷಣವನ್ನೂ ಗಮನಿಸಿ: ಗೋಡೆ ಹಿಡಿದು ಎಳೆದ ಹಾಗೆ ಭುಜ ಜಗ್ಗಿದರೆ ಅದೂ ಅದೇ ಸೂಚನೆ.

ಇನ್ನು ಶಾಫ್ಟ್, ಅಂದರೆ ಪ್ಯಾಡಲಿನ ಹಿಡಿಯುವ ಕೋಲಿನ ವಿಷಯ. ಗಡುಸಾದ ಕಾರ್ಬನ್ ಹಗುರ ನಿಜ, ಆದರೆ ಎಳೆತದ ಪೆಟ್ಟು ನೇರ ಕೀಲಿಗೆ ಬರುತ್ತದೆ. ನೋವಿರುವವರಿಗೆ ಸ್ವಲ್ಪ ಬಾಗುವ ಶಾಫ್ಟ್ ಹಿತ. ಅಂಗೈ ಚಿಕ್ಕದಿದ್ದರೆ ಸಣ್ಣ ವ್ಯಾಸದ್ದು ಕೇಳಿ, ಬಿಗಿಯಾಗಿ ಹಿಡಿಯೋದು ತಪ್ಪುತ್ತದೆ. ಉದ್ದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, 10 ಸೆಂಟಿಮೀಟರ್ ಹೆಚ್ಚುಕಡಿಮೆ ಮಾಡಬಹುದಾದ ಪ್ಯಾಡಲ್ ಸಿಕ್ಕರೆ ಸಾಕು.

ಎಳೆಯುವಾಗ ಸೊಂಟದಿಂದ ಮೇಲೆ ಮೈ ತಿರುಗುತ್ತಿದೆಯಾ? ಬರೀ ತೋಳಲ್ಲಿ ಎಳೆದರೆ ಯಾವ ಬ್ಲೇಡೂ ಭಾರವೇ. ನೋವು ಮರುದಿನವೂ ಉಳಿದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ.